ರಿಲೀಸ್

ಮಾರ್ಚ್ ೧೨, ಬುಧವಾರ

ನನ್ನ ಹೆಂಡತಿ ಬರುತ್ತಿದ್ದಾಳೆ, ಇನ್ನು ವಾಪಸ್ ಹೋಗುವುದೇ ಇಲ್ಲ! ಮದುವೆಯಾದ ವಾರಕ್ಕೇ ಬ್ಯಾಸ್ಕೆಟ್‌ಬಾಲ್ ಟೀಮಿನ ಜೊತೆ ಹೊರಟವಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಫೋನಿನಲ್ಲಿ ಎಡವಟ್ಟು ಮಾಡಿಬಿಟ್ಟೆ. "ಟೀಮಿನೋರು ನನ್ನ ರಿಲೀಸ್ ಮಾಡಿದ್ರು ಕಣೋ" ಎಂದಳು. ರಜೆ ಕೊಟ್ಟರೆಂದುಕೊಂಡು ನಾನು, "ಅಬ್ಬಾ, ಕೊನೆಗೂ ಬಿಟ್ರಲ್ಲ!" ಎಂದು ಕೂಗಿದೆ.

"ಲೋ ದಡ್ಡ, ರಿಲೀಸ್ ಅಂದ್ರೆ ತೆಗೆದುಹಾಕಿದ್ರು ಅಂತ. ಮಂಡಿ ಇನ್ನು ಆಟಕ್ಕೆ ಆಗಲ್ವಂತೆ."

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೂ ದಂಡ. ನಾನು ತೊದಲಿದ್ದು ಕೇಳಿ ಅವಳೇ ನನಗೆ ಸಮಾಧಾನ ಹೇಳಿದಳು.

"ಸ್ಟೇಷನ್ನಲ್ಲಿ ಹಲ್ಲು ಕಿರೀಬೇಡ" ಎಂದು ಅಕ್ಕ ಗದರಿದ್ದಾಳೆ. ಅಳುಮುಖ ಹಾಕಿದರೆ, ನಾನು ಬಂದದ್ದು ಬೇಡವಾಯಿತೇ ಎಂದು ನನ್ನವಳು ಕೇಳುತ್ತಾಳೆ. ಅವಳ ಆಟ ಹೋಯಿತೆಂದು ನಿಜಕ್ಕೂ ಸಂಕಟವಾಗುತ್ತಿದೆ, ಆದರೂ ಸಂಜೆಯಿಂದ ಸಿಳ್ಳೆ ಹಾಕುತ್ತಲೇ ಇದ್ದೇನೆ. ನಾನೆಂಥ ಗಂಡ? ಬಡಗಿಗೆ ಹೇಳಿ ಅವಳ ಎತ್ತರಕ್ಕೆ ಮಂಚ ಉದ್ದ ಮಾಡಿಸಿದ್ದೇನೆ, ಅದನ್ನು ತೋರಿಸಲೋ ಬೇಡವೋ? ತನ್ನ ಕಿಟ್‌ಬ್ಯಾಗನ್ನು ಅವಳು ಯಾರಿಗೂ ಮುಟ್ಟಗೊಟ್ಟವಳಲ್ಲ. ಈಗ ಆ ಮಂಡಿ ನೋಡಿಕೊಂಡು ನಾನೇ ಹೊರಲೋ, ನೋಡದವನಂತೆ ಪಕ್ಕದಲ್ಲಿ ನಡೆಯಲೋ, ಅದೂ ಗೊತ್ತಿಲ್ಲ. ಶನಿವಾರ, ಬೆಳಗಿನ ಪ್ಯಾಸೆಂಜರ್ ರೈಲು.