ಅವರ ಮಾತನ್ನೂ ನಾನೇ ಆಡಿದೆ

ಮಾರ್ಚ್ ೧೨, ಮಂಗಳವಾರ

ಧಾರಾವಾಹಿಯಲ್ಲಿ ನನ್ನ ಗಂಡನಾಗಿರುವ ಹಿರಿಯರು ಇಂದೂ ಮಾತು ಮರೆತರು. ಇನ್ನೊಮ್ಮೆ ಮರೆತರೆ ಅವರನ್ನು ಬದಲಾಯಿಸುತ್ತೇನೆಂದು ನಿರ್ದೇಶಕ ನಿನ್ನೆಯೇ ಹೇಳಿದ್ದ. ಸಿನಿಮಾಗಳಲ್ಲಿ ಗುಂಪಿನೊಳಗೆ ನಿಲ್ಲುತ್ತಿದ್ದ ನನಗೆ ಮೊದಲ ಮಾತು ಕೊಡಿಸಿದವರು, ನಗಿಸುವುದನ್ನು ಕಲಿಸಿದವರು ಇವರೇ. ಕ್ಯಾಮೆರಾ ಓಡುತ್ತಲೇ ಇತ್ತು.

“ನೀವು ಬಾಯಿ ತೆಗೀಬೇಡಿ, ಏನ್ ಹೇಳ್ತೀರ ಅಂತ ನಂಗೊತ್ತು!” ಎಂದು ಗದರಿ, ಅವರ ಮಾತನ್ನೂ ಅವರದೇ ದನಿಯಲ್ಲಿ ಆಡಿಬಿಟ್ಟೆ. ಅವರು ಪಿಳಿಪಿಳಿ ಕಣ್ಣುಬಿಟ್ಟರು. ಸೆಟ್ಟಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕನೂ ನಗು ತಡೆಯಲಾರದೆ, “ಇನ್ಮೇಲೆ ಹೀಗೇ ಇರ್ಲಿ, ಅವರಿಗೆ ಮಾತೇ ಬೇಡ” ಎಂದ.

ಆಮೇಲೆ ಮೇಕಪ್ ಕೋಣೆಯಲ್ಲಿ ಅವರು ನನ್ನ ಕೈ ಹಿಡಿದುಕೊಂಡು, “ಇವತ್ತು ನಿಜವಾದ ಹೆಂಡ್ತಿ ಆದೆ ಕಣಮ್ಮಾ. ನಮ್ಮನೆಯವಳೂ ನಂಗೆ ಬಾಯಿ ತೆಗೆಯೋಕೆ ಬಿಡಲ್ಲ” ಎಂದರು. ಇಬ್ಬರೂ ನಕ್ಕೆವು. ಹಿಡಿದ ಕೈಯನ್ನು ಮಾತ್ರ ಅವರೂ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.