ಅಂಕಿತಕ್ಕೆ ಮುಂಚೆ ನಿಂತ ಹಾಡು

ಮಾನ್ಯ ಸಂಗ್ರಹಾಲಯದ ಅಧಿಕಾರಿಗಳೇ,

ಹೆಸರಾಂತ ವಾಗ್ಗೇಯಕಾರರಾದ ನಮ್ಮ ದಾಸರಿಗೆಂದು ಪಾಲಕೋಡಿನ ಬಳಿ ನೀವು ಕಟ್ಟಿಸಿರುವ ಸಂಗ್ರಹಾಲಯದಲ್ಲಿ ನನ್ನ ಹೆಂಡತಿಯ ಹಾಡನ್ನು ನಡುವೆಯೇ ಕತ್ತರಿಸಿದ್ದೀರಿ. ಕಚೇರಿಗೆ ಬರೆದದ್ದಕ್ಕೆ ಉತ್ತರವಿಲ್ಲ. ಆದ್ದರಿಂದ ನಾಲ್ಕು ಜನ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತುಂಗಾಬಾಯಿ ತೀರಿಕೊಂಡು ವರ್ಷವಾಗುತ್ತ ಬಂತು. ಸೇಲಂನ ನಮ್ಮ ಮನೆಯಲ್ಲಿ ಅವಳು ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ದಾಸರ ಪದ ಹೇಳುತ್ತಿದ್ದಳು. ಕೊನೆಯ ಸಾಲಿನಲ್ಲಿ ದಾಸರು ತಮ್ಮ ದೇವರ ಹೆಸರನ್ನೇ ರುಜುವಾಗಿ ಇಟ್ಟಿರುತ್ತಾರಲ್ಲ, ಆ ಅಂಕಿತ ಬರುವ ತನಕ ಏಳುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಅಷ್ಟೇ. ನಾನು ರೇಗಿದರೆ, "ಅಂಕಿತ ಬಿಟ್ಟು ಎದ್ರೆ ದಾಸರನ್ನ ವಾಸಲ್‌ನಲ್ಲೇ, ಬಾಗಿಲಾಚೆನೇ ನಿಲ್ಸಿದ ಹಾಗೆ. ಹಾಲು ನಾಳೆನೂ ಬರತ್ತೆ" ಎನ್ನುತ್ತಿದ್ದಳು. ಈಗ ಹಾಲು ಉಕ್ಕುವುದಿಲ್ಲ, ನಾನೇ ಪಕ್ಕದಲ್ಲಿ ನಿಂತಿರುತ್ತೇನೆ. ನೆಂಟರ ಮಕ್ಕಳು ಬಂದರೆ ತಮಿಳಿನಲ್ಲೇ ಕ್ಷೇಮ ವಿಚಾರಿಸಿ ಹೋಗುತ್ತಾರೆ, ಅವರ ತಪ್ಪೇನಿಲ್ಲ. ಆದರೆ ಮನೆಯಲ್ಲಿ ಕನ್ನಡದ ದನಿ ಕೇಳದೆ ನನಗೆ ಹುಚ್ಚು ಹಿಡಿದಂತಾಗುತ್ತದೆ.

ಹಿಂದೆ ನಿಮ್ಮವರು ಮನೆಗೆ ಬಂದು ಅವಳ ಹಾಡನ್ನು ಧ್ವನಿಮುದ್ರಿಸಿಕೊಂಡಿದ್ದರು. ಅದನ್ನು ಕೇಳಲೆಂದೇ ಬಸ್ಸು ಹತ್ತಿದೆ.

ಕಟ್ಟಡ ಭರ್ಜರಿಯಾಗಿದೆ. ತಂಬೂರಿಗೆ ಗಾಜಿನ ಪೆಟ್ಟಿಗೆ, ದಾಸರ ಬೊಂಬೆಯ ಪಕ್ಕ ಸೆಲ್ಫಿಗೆ ಜಾಗ. ಬಾಗಿಲ ಕಲ್ಲಿನ ಮೇಲೆ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸುಮ್ಮನೆ ಉಪಸ್ಥಿತರಿದ್ದವರು, ಎಲ್ಲರ ಹೆಸರೂ ಪದವಿ ಸಮೇತ ಇದೆ. ಒಂದು ಇನಿಷಿಯಲ್ಲೂ ಬಿಟ್ಟುಹೋಗಿಲ್ಲ. ಒಳಗೆ ಹಾಡು ಕೇಳಿಸುವ ಯಂತ್ರದ ಗುಂಡಿ ಒತ್ತಿದೆ. ತುಂಗಾ ಹಾಡಿದಳು. ಕೊನೆಯ ಚರಣಕ್ಕೆ ಬಂದು, ಅಂಕಿತಕ್ಕೆಂದು ಉಸಿರೆಳೆದುಕೊಂಡಳು. ಅಷ್ಟೇ, ನಿಂತುಹೋಯಿತು. ಮತ್ತೆ ಒತ್ತಿದೆ, ಮತ್ತೆ ಅಲ್ಲೇ. ಯಂತ್ರ ಕೆಟ್ಟಿದೆಯೇ ಎಂದು ಅಲ್ಲಿ ಕಾವಲಿದ್ದ ಮಾರಂಡಹಳ್ಳಿಯ ರಾಮಕ್ಕನನ್ನು ಕೇಳಿದೆ.

"ಕೆಟ್ಟಿಲ್ಲ ಸಾರ್, ಪಾಟ್ಟೇ ಅಷ್ಟು, ಹಾಡು ಇರೋದೇ ಅಲ್ಲಿಗಂಟ. ದಿನಾ ಕೇಳಿ ಕೇಳಿ ನಂಗೂ ಬಾಯಿಪಾಠ ಆಗೈತೆ" ಎಂದು ಆಕೆ ಹಾಡಿಯೇ ತೋರಿಸಿದಳು. ಚೆನ್ನಾಗಿಯೇ ಹಾಡಿದಳು. ತುಂಗಾಳಂತೆಯೇ ಉಸಿರೆಳೆದುಕೊಂಡು, ಅಲ್ಲೇ ನಿಲ್ಲಿಸಿದಳು. ಮೊಮ್ಮಗಳಿಗೂ ಹಾಗೆಯೇ ಕಲಿಸಿದ್ದಾಳಂತೆ.

ನಿಮ್ಮ ಕಚೇರಿಯಲ್ಲಿ ವಿಚಾರಿಸಿದರೆ, ಬರುವವರಿಗೆ ತಾಳ್ಮೆಯಿಲ್ಲ, ಅದಕ್ಕೇ ಎಲ್ಲ ಹಾಡುಗಳನ್ನೂ ಒಂದೇ ಅಳತೆಗೆ ಕತ್ತರಿಸಿದ್ದೇವೆ ಎಂದರು. ಬಾಗಿಲ ಕಲ್ಲಿಗೆ ಆ ಅಳತೆ ಏಕೆ ಅನ್ವಯಿಸಲಿಲ್ಲ ಸ್ವಾಮಿ? ಇಡೀ ಕಟ್ಟಡದಲ್ಲಿ ನಿಮಗೆ ಬೇಡದ ಹೆಚ್ಚುವರಿಯಾಗಿ ಕಂಡದ್ದು ದಾಸರ ರುಜುವೊಂದೇ ಏನು?

ಅಂದು ರಾಮಕ್ಕನಿಗೆ ಕೊನೆಯ ಸಾಲು ಹೇಳಿಕೊಟ್ಟೆ. ನನ್ನದು ಗಾರ್ದಭ ಕಂಠ, ಆದರೂ ಆಕೆ ನಗದೆ ಕಲಿತಳು. ಮತ್ತೆ ಗುಂಡಿ ಒತ್ತಿದೆ. ತುಂಗಾ ನಿಂತಲ್ಲಿಂದ ರಾಮಕ್ಕ ಎತ್ತಿಕೊಂಡು ಅಂಕಿತ ಮುಗಿಸಿದಳು. ಹೆಂಡತಿ ಹೋದಾಗ ಬಾರದಿದ್ದ ಅಳು ನನಗೆ ಅಲ್ಲಿ ಬಂತು.

ಮೂಲ ಮುದ್ರಿಕೆ ನಿಮ್ಮಲ್ಲಿದೆ. ಕತ್ತರಿಸಿದ ಸಾಲನ್ನು ಮರಳಿ ಸೇರಿಸಿ. ಅಲ್ಲಿಯ ತನಕ ಅದನ್ನು ರಾಮಕ್ಕ ಹಾಡುತ್ತಾಳೆ. ಕೆಲಸದ ಹೊತ್ತಿನಲ್ಲಿ ಹಾಡಿದಳೆಂದು ಆಕೆಗೆ ಮೆಮೋ ಕೊಡಬೇಡಿ, ಕೊಡಲೇಬೇಕಿದ್ದರೆ ನನಗೆ ಕೊಡಿ. ಗುಂಡಿ ಒತ್ತಿದಾಗಲೆಲ್ಲ ನೀವು ದಾಸರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೀರಿ. ಈಗ ಅವರ ಜೊತೆ ನನ್ನ ತುಂಗಾಳೂ ನಿಂತಿದ್ದಾಳೆ. ಇಬ್ಬರನ್ನೂ ಒಳಗೆ ಕರೆಯಿರಿ.

ಇಂತಿ,
ಉಕ್ಕದ ಹಾಲಿನ ಮುಂದೆ ನಿಂತಿರುವ
ಸೇತುಮಾಧವ, ಸೇಲಂ