ಸೀಗಡಿ ಕಂಟೇನರ್, ಮೈನಸ್ ಹದಿನೆಂಟು

ಸೆಪ್ಟೆಂಬರ್ 9, ಮಂಗಳವಾರ

ಫೈಲು ಮತ್ತೆ ವಾಪಸ್. ಇವತ್ತಿನ ಕಾರಣ: ಅರ್ಜೆಂಟೀನಾದಿಂದ ಬಂದ ಹೆಲ್ತ್ ಸರ್ಟಿಫಿಕೇಟಿನ ಮೊದಲ ಪುಟ ಇಂಗ್ಲಿಷ್, ಎರಡನೆಯದು ಸ್ಪ್ಯಾನಿಷ್.

"ಇದನ್ನ ಯಾರು ಓದ್ಬೇಕು ಮೇಡಂ?" ಅಂದರು ಫುಡ್ ಆಫೀಸರ್. ಮೊದಲ ಪುಟವನ್ನಾದರೂ ಓದಿದಂತೆ ಕಾಣಲಿಲ್ಲ.

ಈ ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಿನಲ್ಲಿ ಬಾದಾಮಿ, ಖರ್ಜೂರ, ಮೆಷಿನ್ ಪಾರ್ಟ್ಸು ಎಲ್ಲ ಬಿಡಿಸಿದ್ದೇನೆ. ಸೀಗಡಿಯಷ್ಟು ಯಾವುದೂ ಗೋಳು ಹೊಯ್ದುಕೊಂಡಿಲ್ಲ.

ಮಾಲು ಸವಿತಾಳದು. ಬಾಗಲಕೋಟೆ ಕಡೆಯವಳು. ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹುಡುಗಿಯರಿಗೆ ಮೆಸ್ ನಡೆಸುತ್ತಿದ್ದಳು. ಅದನ್ನು ಮುಚ್ಚಿ ಅದೇ ಶೆಡ್ಡಿನಲ್ಲಿ ಫ್ರೀಜರ್ ಕೂರಿಸಿದ್ದಾಳೆ. ದೊಡ್ಡ ಹೋಟೆಲಿನವರಿಗೆ ಅರ್ಜೆಂಟೀನಾದ ಕೆಂಪು ಸೀಗಡಿಯೇ ಬೇಕಂತೆ. ಆಂಧ್ರದ ಕೆರೆಗಳ ತುಂಬ ಸೀಗಡಿ ಇರುವಾಗ... ನನಗೇಕೆ. ಅಕ್ಟೋಬರ್ ನಾಲ್ಕಕ್ಕೆ ಮೊದಲ ಸಪ್ಲೈ ಹೋಗದಿದ್ದರೆ ಆರ್ಡರ್ ಬೇರೆಯವರ ಪಾಲು. ಮೆಸ್ಸೂ ಇಲ್ಲ, ಹೋಟೆಲ್ಲೂ ಇಲ್ಲ.

ಸೆಪ್ಟೆಂಬರ್ 16

ಸ್ಪ್ಯಾನಿಷ್ ಮುಗಿಯಿತು. ಈಗ ಲೇಬಲ್. ಡಬ್ಬಿಯ ಮೇಲೆ ಅಂಗೈಯಷ್ಟು ದೊಡ್ಡ ಸೀಗಡಿ ಚಿತ್ರ, ಮೀಸೆ ಸಮೇತ. ಆದರೆ ನಾನ್‌ವೆಜ್ ಗುರುತಿಲ್ಲ. ಜನ ತರಕಾರಿ ಅಂದುಕೊಂಡು ತಿಂದುಬಿಟ್ಟರೆ?

ಸ್ಟಿಕ್ಕರ್ ಪ್ರಿಂಟ್ ಹಾಕಿಸಿ, ಕಂಟೇನರ್ ನಿಂತಿರುವ ಡಿಪೋಗೆ ಹೋದೆ. ಮಂಜುಗಟ್ಟಿದ ಡಬ್ಬಿಗೆ ಗೋಂದು ಹಿಡಿಯುವುದಿಲ್ಲ. ಒರೆಸಿ ಅಂಟಿಸುವಷ್ಟರಲ್ಲಿ ಮತ್ತೆ ಮಂಜು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಸಂಜೆಯವರೆಗೂ ಒರೆಸಿದ್ದೇ ಒರೆಸಿದ್ದು. ಹೊರಗೆ ವೈಟ್‌ಫೀಲ್ಡಿನ ಬಿಸಿಲು. ಮೂಗು ಸೋರುತ್ತಿದೆ.

ಸವಿತಾ ಫೋನ್: "ಅಕ್ಕಾ, ಸ್ಟಿಕ್ಕರ್ ಹಚ್ಚಾಕ ಇಷ್ಟೊತ್ತೇನ್ರಿ?"

ಕಟ್ ಮಾಡಿದೆ. ಆಮೇಲೆ ನಾನೇ ಮಾಡಿದೆ ಪಾಪ ಅಂತ.

ಸೆಪ್ಟೆಂಬರ್ 20, ಶನಿವಾರ

ಸ್ಯಾಂಪಲ್ ತೆಗೆಯಲು ಆಫೀಸರ್ ಬಂದರು. ಕಂಟೇನರಿನ ಬಾಗಿಲು ತೆಗೆಸಿ, ಅಲ್ಲೇ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡಿದರು. ಆಮೇಲೆ ಥರ್ಮಾಮೀಟರ್ ಹಿಡಿದರು. ಮೈನಸ್ ಹದಿನೇಳು.

"ಸಾರ್, ಬಾಗಿಲು ಇಷ್ಟೊತ್ತೂ ತೆಗೆದೇ ಇತ್ತಲ್ವಾ?"

"ಮೈನಸ್ ಹದಿನೆಂಟು ಅಂದ್ರೆ ಹದಿನೆಂಟು ಮೇಡಂ. ತಿನ್ನೋ ಪದಾರ್ಥ."

ಬಾಗಿಲು ಹಾಕಿ ಕಾಯಬೇಕಾಯಿತು. ನಾನೂ ಆಫೀಸರೂ ಡಿಪೋದ ಆವಲಪ್ಪನೂ ಒಂದೇ ಬೆಂಚಿನಲ್ಲಿ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದವರ ಹಾಗೆ. ಕಂಟೇನರಿನ ಕೂಲಿಂಗ್ ಮೆಷಿನ್ನುಗಳಿಗೆ ಕರೆಂಟ್ ಕೊಡುವುದು, ನೋಡಿಕೊಳ್ಳುವುದು ಆವಲಪ್ಪನ ಕೆಲಸ. ಕೋಲಾರದ ಕಡೆಯವರು, ಭಕ್ತಿವಂತರು.

ಹದಿನೆಂಟಕ್ಕೆ ಇಳಿದ ಮೇಲೆ ಸ್ಯಾಂಪಲ್ ತೆಗೆದರು. ಲ್ಯಾಬಿನಲ್ಲಿ ಆ್ಯಂಟಿಬಯೋಟಿಕ್ ಟೆಸ್ಟೂ ಆಗಬೇಕಂತೆ. ಸಾಕಿದ ಸೀಗಡಿಗಾದರೆ ಸರಿ. ನಡುಗಡಲಿನಲ್ಲಿ ಹಿಡಿದದ್ದಕ್ಕೆ ಮಾತ್ರೆ ಕೊಟ್ಟವರು ಯಾರು? ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಸರ್ಟಿಫಿಕೇಟ್ ತರಿಸುತ್ತಾರೆ.

ಸೆಪ್ಟೆಂಬರ್ 27

ರಿಪೋರ್ಟ್ ಇಲ್ಲ. ಲ್ಯಾಬಿನವರು ಸೋಮವಾರ ಅಂದರು. ಯಾವ ಸೋಮವಾರ ಅನ್ನಲಿಲ್ಲ.

ಸವಿತಾ ಆಫೀಸಿಗೇ ಬಂದಳು. ಕಣ್ಣು ಊದಿತ್ತು. "ದೃಷ್ಟಿ ಆಗೈತ್ರಿ ಅಕ್ಕಾ. ಮೆಸ್ ಮುಚ್ಚಿದಾಗಿಂದ ಓಣ್ಯಾಗಿನವ್ರೆಲ್ಲಾ ಅದನ್ನ ಮಾತಾಡಾಕತ್ತಾರ. ಆಯುಧಪೂಜಿಗೆ ನಮ್ಮ ಕಂಟೇನರ್ ಡಬ್ಬಕ್ಕೂ ಒಂದು ಕುಂಬಳಕಾಯಿ ಒಡಸ್ರಿ."

ನಗು ಬಂತು. ನಕ್ಕೆ ಕೂಡ. ಆದರೆ ಇಷ್ಟು ಜನರ ಕಾಲು ಹಿಡಿದಾಗಿದೆ, ದೇವರದ್ದೊಂದು ಬಾಕಿ ಯಾಕೆ? ಆವಲಪ್ಪನಿಗೆ ಫೋನ್ ಮಾಡಿದೆ. "ಹೂವು, ಬೂದುಗುಂಬಳಕಾಯಿ ಎಲ್ಲ ಕಳಿಸ್ತೀನಿ. ಶಾಸ್ತ್ರವಾಗಿ ಮಾಡಿ. ಒಂದೂ ಬಿಡ್ಬೇಡಿ."

"ನೀವು ಏಳ್ಬೇಕಾ ಮೇಡಂ," ಅಂದರು.

ಸೆಪ್ಟೆಂಬರ್ 30, ಸಂಜೆ

ಬಂತು! ಲ್ಯಾಬ್ ರಿಪೋರ್ಟ್ ಕ್ಲೀನ್, ಎನ್‌ಒಸಿ ಕೈಯಲ್ಲಿದೆ. ಆಫೀಸರ್ ಒಳ್ಳೆಯವರೇ ಪಾಪ. ನಾಳೆ ಆಯುಧಪೂಜೆ, ನಾಡಿದ್ದು ವಿಜಯದಶಮಿ, ರಜೆ. ಶುಕ್ರವಾರ ಡೆಲಿವರಿ, ಶನಿವಾರ ಹೋಟೆಲು. ಸವಿತಾ ಫೋನಿನಲ್ಲಿ ಅತ್ತಳು, ನನ್ನ ಕಣ್ಣಲ್ಲೂ ನೀರು ಬಂತು. ಸೀಗಡಿಗಾಗಿ ಅತ್ತ ಸಸ್ಯಾಹಾರಿ ನಾನೊಬ್ಬಳೇ ಇರಬೇಕು.

ಅಕ್ಟೋಬರ್ 3, ಶುಕ್ರವಾರ, ಮಧ್ಯಾಹ್ನ

ಬರೆದರಾದರೂ ತಲೆ ನಿಲ್ಲುತ್ತದೇನೋ.

ಡೆಲಿವರಿಗೆ ಮುಂಚೆ ಕಂಟೇನರಿನ ಟೆಂಪರೇಚರ್ ರೆಕಾರ್ಡ್ ತೆಗೆಸಿದೆ. ಬುಧವಾರ ಬೆಳಿಗ್ಗೆಯವರೆಗೆ ಗೆರೆ ನೆಟ್ಟಗಿದೆ. ಅಲ್ಲಿಂದ ಮೇಲೆ, ಮೇಲೆ... ಮೈನಸ್ ಒಂಬತ್ತರವರೆಗೆ. ಗುರುವಾರ ಮಧ್ಯಾಹ್ನದ ಮೇಲೆ ಮತ್ತೆ ಇಳಿದಿದೆ.

ಡಿಪೋಗೆ ಓಡಿದೆ. ಕಂಟೇನರಿಗೆ ಚೆಂಡುಹೂವಿನ ಹಾರ, ಮೆಷಿನ್ನಿಗೆ ಅರಿಶಿನ ಕುಂಕುಮ, ಎರಡೂ ಕಡೆ ಬಾಳೆಕಂದು. ನೋಡಲು ಚೆಂದ.

"ಆವಲಪ್ಪ, ಮೆಷಿನ್ ಆಫ್ ಮಾಡಿದ್ರಾ?"

"ಊಂ ಮೇಡಂ. ಪೂಜೆ ಆದ್ಮೇಲೆ ಆಯುಧ ಓಡಿಸ್ಬೋದಾ? ವಿಜಯದಸಮಿ ದಿನ ಮಂಗಳಾರತಿ ಮಾಡೇ ಆನ್ ಮಾಡಿದ್ದು. ಬೇರೆ ಡಬ್ಬಗಳ್ನ ಮುಟ್ಲಿಲ್ಲ. ಅವುಕ್ಕೆ ಯಾರೂ ಪೂಜೆ ಏಳಿರ್ಲಿಲ್ಲ."

ಸಾಲಾಗಿ ನಿಂತ ಕಂಟೇನರುಗಳೆಲ್ಲ ಗುಂಯ್‌ಗುಟ್ಟುತ್ತಿದ್ದವು. ರಜೆ ಸಿಕ್ಕಿದ್ದು ನಮ್ಮದಕ್ಕೆ ಮಾತ್ರ. ಯಾರನ್ನು ಬೈಯಲಿ? ಒಂದೂ ಬಿಡಬೇಡಿ ಅಂದವಳು ನಾನು.

ಒಂದು ಡಬ್ಬಿ ಒಡೆದು ನೋಡಿದೆವು. ಅಂಚಿನ ಸೀಗಡಿಗಳು ಒಂದಕ್ಕೊಂದು ಅಂಟಿವೆ. ಕೆಟ್ಟಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ.

ನಾಲ್ಕು ಗಂಟೆ

ನಮ್ಮ ಓನರ್ ನರೇಶ್ ಸಾರ್‌ಗೆ ಹೇಳಿದೆ. "ಎನ್‌ಒಸಿ ಇದೆ ತಾನೆ ವೇಣಿ? ಗೇಟ್ ದಾಟಿಸು. ಯಾರಾದ್ರೂ ಕೇಳಿದ್ರೆ ಕರೆಂಟ್ ಹೋಗಿತ್ತು ಅನ್ನು. ಬೆಂಗಳೂರಲ್ಲಿ ನಂಬಲ್ವಾ?"

ನಂಬುತ್ತಾರೆ. ಅದೇ ಕಷ್ಟ.

"ಮೈನಸ್ ಹದಿನೆಂಟು ಅಂದ್ರೆ ಹದಿನೆಂಟು ಸಾರ್. ತಿನ್ನೋ ಪದಾರ್ಥ," ಅಂದೆ. ನನ್ನ ಬಾಯಲ್ಲಿ ಆಫೀಸರ್ ಮಾತು! ನನಗೇ ಸಿಟ್ಟು ಬಂತು. ನರೇಶ್ ಸಾರ್ ಏನೋ ಗೊಣಗಿ ಎದ್ದು ಹೋದರು.

ಫುಡ್ ಆಫೀಸಿಗೆ ಮೇಲ್ ಹಾಕಿದೆ. ಮೆಷಿನ್ ಆಫ್ ಆದದ್ದು ಪೂಜೆಗೆ, ಪೂಜೆ ಮಾಡಿಸಿದ್ದು ನಾನು, ಆವಲಪ್ಪನ ತಪ್ಪಿಲ್ಲ, ಮತ್ತೆ ಸ್ಯಾಂಪಲ್ ತೆಗೆಯಿರಿ, ಅಲ್ಲಿಯವರೆಗೆ ಮಾಲು ಬಿಡಬೇಡಿ. ರೆಕಾರ್ಡನ್ನೂ ಸೇರಿಸಿದೆ. ಓದಿ ನಗುತ್ತಾರೆ. ನಗಲಿ.

ಹೊಸ ರಿಪೋರ್ಟ್ ಅಂದರೆ ಮತ್ತೆ ವಾರಗಟ್ಟಲೆ. ಹೋಟೆಲಿನ ಗಡುವು ನಾಳೆ.

ಐದೂವರೆ

ಸವಿತಾ ಬಂದಿದ್ದಾಳೆ. ಫ್ರೀಜರ್ ಗಾಡಿ ಕೆಳಗೆ ನಿಂತಿದೆ. ಹೊಸ ಸೀರೆ, ಕೈಯಲ್ಲಿ ಪೇಡೆ ಡಬ್ಬ. "ಪೂಜಿ ಫಲ ಕೊಡ್ತು ನೋಡ್ರಿ ಅಕ್ಕಾ! ಡಿಪೋದಾಗ ಮೊದಲ ಪೇಡೆ ಆವಲಪ್ಪಣ್ಣಗ ಕೊಟ್ಟೆ. ಯಾಕೋ ತೊಗೊಳ್ಳಾಕ ಒಲ್ಲೆ ಅಂದ್ರು, ಬಾಯಾಗ ಇಟ್ಟೇ ಬಂದೆ."

ಒಂದು ನಿಮಿಷ ಕೂತ್ಕೋ ಅಂದೆ. ಎದುರಿಗೇ ಕೂತಿದ್ದಾಳೆ. ಅವಳ ಡೆಲಿವರಿ ಪೇಪರನ್ನೇ ಬರೆಯುತ್ತಿದ್ದೇನೆ ಅಂದುಕೊಂಡು ಕಾಯುತ್ತಿದ್ದಾಳೆ. ಪೆನ್ನು ಕೆಳಗಿಟ್ಟರೆ ಹೇಳಲೇಬೇಕು. ಸವಿತಾ, ನಿನ್ನ ಮಾಲು...